ಎರೆಮಣ್ಣಿನ ಮೇಲೆ ಮನೆಯೂ ರೇಸ್ ಕಾರೂ

ಕಲಬುರಗಿಯ ಓದುಗರೊಬ್ಬರ ಪತ್ರದ ಸಾರ: ಹಳೆಯ ಮಾರುತಿ 800 ಕಾರನ್ನು ಟ್ರ್ಯಾಕ್ ಓಟಕ್ಕಾಗಿ ಸ್ವತಃ ಸಿದ್ಧಪಡಿಸುತ್ತಿದ್ದೇನೆ. ಎಂಜಿನ್ ಇಳಿಸಿದ್ದಾಗಿದೆ, ಬಾಡಿ ಬರಿದಾಗಿದೆ, ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಉಕ್ಕಿನ ಪೈಪಿನ ಪಂಜರ) ಇನ್ನೂ ಆಗಬೇಕು. ಈ ನಡುವೆ ಸೇಡಂ ರಸ್ತೆಯ ಕಡೆಯ 30×40 ನಿವೇಶನದಲ್ಲಿ ಮನೆ ಕಟ್ಟಲು ಸಾಲ ಮಂಜೂರಾಗಿದೆ. ಮನೆಯ ಹಿರಿಯರು ಕಾರು ಮಾರಿಬಿಡು ಎನ್ನುತ್ತಾರೆ. ಹೆಂಡತಿ ಮಾತ್ರ ಇರಲಿ, ಆದರೆ ಗೃಹಪ್ರವೇಶ ತಡವಾಗಬಾರದು ಎಂದಿದ್ದಾರೆ. ಎರಡನ್ನೂ ಒಟ್ಟಿಗೆ ನಡೆಸಬಹುದೇ?

ಸಂಪಾದಕರ ಉತ್ತರ:

ಕಾರನ್ನು ಮಾರಬೇಡಿ. ಆದರೆ ಸ್ಲ್ಯಾಬ್ ಹಾಕಿ ಗಿಲಾವು ಮುಗಿಯುವ ತನಕ ಅದಕ್ಕೆ ಸ್ಪ್ಯಾನರ್ ಹಚ್ಚಲೂ ಬೇಡಿ. ಈ ವರ್ಷ ನೀವು ಆ ಕಾರಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮನೆಯ ನಕ್ಷೆಯಲ್ಲಿ ಅದಕ್ಕೊಂದು ಸರಿಯಾದ ಜಾಗ ಬರೆಸುವುದು, ಮತ್ತು ಆ ಕೆಲಸಕ್ಕೆ ಪಾಯ ತೋಡುವ ಮುನ್ನ ಮಾತ್ರ ಅವಕಾಶವಿದೆ.

ನಿಮ್ಮ ನಿವೇಶನದಲ್ಲಿರುವುದು ಎರೆಮಣ್ಣು ಎಂದು ಬರೆದಿದ್ದೀರಿ. ಈ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಇಂಥ ನೆಲದಲ್ಲಿ, ಮಣ್ಣಿನ ತೇವ ಋತುವಿನೊಂದಿಗೆ ಹೆಚ್ಚು ಬದಲಾಗದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರ್‌ವರೆಗೆ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳನ್ನು, ಅಂದರೆ ಅಂಡರ್‌ರೀಮ್ಡ್ ಪೈಲ್‌ಗಳನ್ನು, ಇಳಿಸುವ ಪದ್ಧತಿ ಇದೆ. ಗೋಡೆಗಳ ವಿಷಯದಲ್ಲಿ ನಿಮ್ಮ ಎಂಜಿನಿಯರ್ ಇದನ್ನು ನೋಡಿಕೊಳ್ಳುತ್ತಾರೆ. ಗ್ಯಾರೇಜಿನ ನೆಲದ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಗೋಡೆಯ ಮೇಲೆ ಮನೆಯ ಭಾರವಿರುತ್ತದೆ, ನೆಲದ ಮೇಲೆ ಏನೂ ಇರುವುದಿಲ್ಲ. ಆದ್ದರಿಂದ ಮಣ್ಣು ಉಬ್ಬಿದಾಗ ಮೊದಲು ಮೇಲೇಳುವುದು ನೆಲವೇ.

ಸಾಮಾನ್ಯ ಕಾರು ನಿಲ್ಲಿಸುವವರಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ರೇಸ್ ಕಾರಿನ ಸಸ್ಪೆನ್ಷನ್ ಹೊಂದಿಸುವವರಿಗಿದೆ. ನಾಲ್ಕು ಚಕ್ರಗಳ ಅಡಿಯಲ್ಲಿ ನಾಲ್ಕು ತಕ್ಕಡಿಗಳನ್ನಿಟ್ಟು ಪ್ರತಿ ಮೂಲೆಯ ತೂಕ ನೋಡುತ್ತಾ, ಸ್ಪ್ರಿಂಗ್‌ಗಳ ಎತ್ತರ ಬದಲಿಸಿ ಕರ್ಣದ ತೂಕಗಳನ್ನು ಸರಿದೂಗಿಸುವಾಗ, ಒಂದು ಚಕ್ರದಡಿಯ ನೆಲ ಕೆಲವೇ ಮಿಲಿಮೀಟರ್ ಎತ್ತರವಿದ್ದರೂ ತಕ್ಕಡಿ ತೋರಿಸುವ ಲೆಕ್ಕ ಸುಳ್ಳಾಗುತ್ತದೆ, ಆ ಸುಳ್ಳನ್ನು ನಂಬಿ ಹೊಂದಿಸಿದ ಕಾರು ಎಡ ತಿರುವಿನಲ್ಲಿ ಒಂದು ಬಗೆ, ಬಲ ತಿರುವಿನಲ್ಲಿ ಇನ್ನೊಂದು ಬಗೆ ವರ್ತಿಸುತ್ತದೆ. ಆದ್ದರಿಂದ ಗ್ಯಾರೇಜಿನ ಜಾಗದಲ್ಲಿ ಎರಡು ಮೂರು ಅಡಿ ಎರೆಮಣ್ಣನ್ನು ತೆಗೆಸಿ, ಮುರುಮ್ ಅನ್ನು ಅರ್ಧ ಅಡಿಯ ಪದರಗಳಲ್ಲಿ ನೀರುಣಿಸಿ ಧಮ್ಮಸ್ ಮಾಡಿಸಿ, ಅದರ ಮೇಲೆ ಸರಳು ಹಾಕಿದ ಐದು ಇಂಚಿನ ಕಾಂಕ್ರೀಟ್ ಹಾಕಿಸಿ. ಈ ನೆಲ ಗೋಡೆಗೆ ಅಂಟದಂತೆ ನಡುವೆ ಸಂದು ಬಿಡಿಸಿ. ಚಕ್ರಗಳು ನಿಲ್ಲುವ ನಾಲ್ಕು ಜಾಗಗಳನ್ನು ನೀರುಮಟ್ಟದಿಂದ ನೋಡಿ ಒಂದೇ ಮಟ್ಟದಲ್ಲಿಟ್ಟು, ನೀರು ಹೊರಹೋಗುವ ಇಳಿಜಾರನ್ನು ಉಳಿದ ನೆಲಕ್ಕೆ ಮಾತ್ರ ಕೊಡಿಸಿ. ಮನೆಯ ಸುತ್ತ ಮೂರು ನಾಲ್ಕು ಅಡಿ ಗಚ್ಚು ಇರಲಿ, ಆ ಬದಿಗೆ ಇಂಗುಗುಂಡಿಯಾಗಲಿ ಗಿಡದ ಪಾತಿಯಾಗಲಿ ಬೇಡ. ಮನೆಯೊಳಗೆ ಶಹಾಬಾದ್ ಫರಸಿ ತಂಪಾಗಿ ಚೆಂದವಿರುತ್ತದೆ. ಗ್ಯಾರೇಜಿಗೆ ಅದು ಬೇಡ, ಏಕೆಂದರೆ ಅಡಿಯಲ್ಲಿ ಸ್ವಲ್ಪ ಟೊಳ್ಳಿದ್ದರೂ ಜಾಕ್ ಸ್ಟ್ಯಾಂಡಿನ ಕಾಲು ಕೂತಲ್ಲಿ ಕಲ್ಲು ಒಡೆಯುತ್ತದೆ. ರಿಪೇರಿಗೆ ಗುಂಡಿ ತೋಡಿಸುವ ಆಸೆಯನ್ನೂ ಬಿಡಿ: ಎರೆಮಣ್ಣಿನಲ್ಲಿ ಅದಕ್ಕೆ ನೀರು ಜಿನುಗುತ್ತದೆ, ಗಾಳಿಗಿಂತ ಭಾರವಾದ ಪೆಟ್ರೋಲ್ ಆವಿ ಅದರಲ್ಲೇ ನಿಲ್ಲುತ್ತದೆ.

ಜಾಗದ ಅಳತೆಗೆ ಹೆದರಬೇಕಿಲ್ಲ. ಮಾರುತಿ 800ರ ಉದ್ದ 3335 ಮಿ.ಮೀ., ಅಗಲ 1440 ಮಿ.ಮೀ.; ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಕೋಣೆಯಲ್ಲಿ ಬೆಂಚಿಗೂ ಜಾಗ ಮಿಗುತ್ತದೆ. ವೆಲ್ಡಿಂಗ್ ಯಂತ್ರಕ್ಕೆ ಪ್ರತ್ಯೇಕ ಲೈನಿನ ಪೈಪನ್ನು ಗೋಡೆ ಕಟ್ಟುವಾಗಲೇ ಹಾಕಿಸಿಬಿಡಿ.

ಇನ್ನು ಸಮಯದ ಮಾತು. ಬೇಸಿಗೆಯಲ್ಲಿ ನಿಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಒಣ ಬಿಸಿ ಹವೆಯಲ್ಲಿ ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 10 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ 14 ದಿನ ನೀರುಣಿಸಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಹೇಳುತ್ತದೆ. ನೌಕರಿ ಮುಗಿಸಿ ಬಂದ ನಿಮ್ಮ ಕೈಗೆ ಸಿಗುವ ಸಂಜೆಗಳು ಇವೇ. ಸ್ಲ್ಯಾಬಿಗೆ ತಪ್ಪಿದ ನೀರನ್ನು ಆಮೇಲೆ ತುಂಬಿಕೊಡಲಾಗದು. ಕಾರಿನ ಕೆಲಸ ಕಾಯುತ್ತದೆ, ಅದನ್ನು ಸರಿಯಾಗಿ ಕಟ್ಟಿಟ್ಟರೆ.

ಕಟ್ಟಿಡುವುದೂ ಒಂದು ಕೆಲಸವೇ. ಕಟ್ಟಡದ ದೂಳು ಎಂಜಿನ್ನಿನೊಳಗೆ ಹೊಕ್ಕರೆ ಸಿಲಿಂಡರಿನ ಒಳಗೋಡೆಯನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಆದ್ದರಿಂದ ಎಂಜಿನ್ ನಿವೇಶನದಲ್ಲಿರದೆ ಈಗಿನ ಮನೆಯಲ್ಲೇ ಇರಲಿ. ಪ್ಲಗ್ ತೂತುಗಳಿಂದ ಸ್ವಲ್ಪ ಎಣ್ಣೆ ಬಿಟ್ಟು, ಎಲ್ಲ ಬಾಯಿಗಳನ್ನೂ ಮುಚ್ಚಿ, ಆಗಾಗ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಿರಿ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ತೇವ ಹೀರುತ್ತದೆ. ಬರಿ ಬಾಡಿಗೆ ಪ್ರೈಮರ್ ಹೊಡೆಸದೆ ಮಳೆಗಾಲಕ್ಕೆ ಬಿಡಬೇಡಿ.

ಹಣದ ಬಗ್ಗೆ ನನ್ನ ಮಾತು ಕಟುವಾಗಿ ಕೇಳಿಸಬಹುದು. ಬ್ಯಾಂಕು ಸಾಲವನ್ನು ಪಾಯ, ಲಿಂಟಲ್, ಸ್ಲ್ಯಾಬ್ ಎಂದು ಹಂತಹಂತವಾಗಿ ಬಿಡುತ್ತದೆ. ಒಂದು ಹಂತದ ಹಣ ಕಾರಿಗೆ ಹರಿದರೆ ಮುಂದಿನ ಹಂತವೇ ನಿಲ್ಲುತ್ತದೆ, ಅತ್ತ ಬಡ್ಡಿ ಓಡುತ್ತಿರುತ್ತದೆ. ಟೈರು, ಸೀಟ್‌ಬೆಲ್ಟ್, ಹೆಲ್ಮೆಟ್ ಈಗ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ರಬ್ಬರು ಕೂತಲ್ಲೇ ಗಟ್ಟಿಯಾಗುತ್ತದೆ, ಎಫ್‌ಐಎ (ಮೋಟಾರು ಓಟಗಳ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆಯ ಬೆಲ್ಟಿನ ಮೇಲೆ ಅವಧಿ ಮುಗಿಯುವ ವರ್ಷ ನಮೂದಾಗಿರುತ್ತದೆ, ಪೆಟ್ಟಿಗೆಯಲ್ಲಿಟ್ಟರೂ ಆ ವರ್ಷ ನಿಲ್ಲುವುದಿಲ್ಲ.

ಒಂದು ಆಮಿಷವನ್ನು ಮಾತ್ರ ಬಲವಾಗಿ ತಡೆಯಬೇಕೆಂದು ಕೇಳಿಕೊಳ್ಳುತ್ತೇನೆ. ಕಿಟಕಿಯ ಗ್ರಿಲ್ ಮಾಡಲು ವೆಲ್ಡರ್ ಸೈಟಿಗೆ ಬಂದಾಗ, ಉಳಿದ ಪೈಪಿನಲ್ಲೇ ರೋಲ್ ಕೇಜ್ ಮುಗಿಸಿಬಿಡೋಣ ಎನಿಸುತ್ತದೆ. ಗ್ರಿಲ್ಲಿನ ಪೈಪು ಹೊಲಿಗೆಯಿರುವ, ಅಂದರೆ ಉದ್ದಕ್ಕೂ ಬೆಸೆದ, ತೆಳು ಪೈಪು. ಎಫ್‌ಐಎ ನಿಯಮದ ಪ್ರಕಾರ ಕೇಜಿನ ಮುಖ್ಯ ಕಮಾನಿಗೆ, ಅಂದರೆ ಚಾಲಕನ ಸೀಟಿನ ಹಿಂದೆ ನಿಲ್ಲುವ ಕಮಾನಿಗೆ, ಹೊಲಿಗೆಯಿಲ್ಲದ ಉಕ್ಕಿನ ಪೈಪೇ ಆಗಬೇಕು: 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ, ಅಥವಾ 50ಕ್ಕೆ 2. ಕಾರು ಮಗುಚಿದಾಗ ನಿಮ್ಮ ತಲೆಗೂ ಟ್ರ್ಯಾಕಿಗೂ ನಡುವೆ ಇರುವುದು ಆ ಕಮಾನೊಂದೇ. ಅದನ್ನು ಮಾಡಿದ ಅನುಭವವಿರುವವರ ಬಳಿಗೇ ಬಾಡಿಯನ್ನು ಲಾರಿಯಲ್ಲಿ ಕಳಿಸಿ. ಕಾರು ಸಿದ್ಧವಾದ ಮೇಲೂ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಹೋಗುವುದು ಲಾರಿಯ ಮೇಲೆಯೇ; ಇಷ್ಟು ಬದಲಿಸಿದ ಕಾರನ್ನು ರಸ್ತೆಯಲ್ಲಿ ಓಡಿಸಲು ಕಾನೂನು ಬಿಡುವುದಿಲ್ಲ. ಹಾಗಾಗಿ ಗೇಟನ್ನು ಕಾರು ಹತ್ತಿಸಿ ಇಳಿಸಲು ಅನುವಾಗುವಷ್ಟು ಅಗಲ ಇಡಿ.

ನಿಮ್ಮ ಶ್ರೀಮತಿಯವರ ಷರತ್ತು ನ್ಯಾಯವಾದದ್ದು. ಮುಂಗಾರು ಬಿದ್ದರೆ ಎರೆಭೂಮಿಯಲ್ಲಿ ಇಟ್ಟಿಗೆಯ ಲಾರಿ ಹೂತು ನಿಲ್ಲುತ್ತದೆ, ಆದ್ದರಿಂದ ಜೂನ್ ಒಳಗೆ ಪೈಲ್ ಮತ್ತು ಪ್ಲಿಂತ್ ಮುಗಿದಿರಲಿ. ಕಾರಿನ ಲೆಕ್ಕವನ್ನು ಗೃಹಪ್ರವೇಶವಾಗಿ, ಕೈಸಾಲ ತೀರಿದ ಮೇಲೆ ತೆರೆಯಿರಿ. ಆಗ ಮೊದಲು ರೋಲ್ ಕೇಜ್ ಆಗಲಿ, ಏಕೆಂದರೆ ಬಾಡಿ ಬರಿದಾಗಿರುವಾಗಲೇ ಅದನ್ನು ಕೂರಿಸಬೇಕು. ಎಂಜಿನ್, ಬ್ರೇಕ್ ಪೈಪು, ವೈರಿಂಗ್ ಎಲ್ಲವೂ ಅದರ ನಂತರ.