ಮಗುವಿನ ಕೋಣೆ: ಗಿಡಕ್ಕಿಂತ ಮೊದಲು ಗೋಡೆ, ಕಿಟಕಿ, ಸೊಳ್ಳೆಪರದೆ

ಮೇಡಂ, ಮಧ್ಯದಲ್ಲಿ ಬಂದು ಓದುವವರಿಗಾಗಿ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ಹಳೇ ಮನೆ, ಮಗಳು ಹೆರಿಗೆಗೆ ಬರುತ್ತಿದ್ದಾಳೆ, ಇನ್ನು ಹತ್ತು ವಾರ ಇದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ಬಚ್ಚಲಿಗೆ ತಾಗಿದ ಗೋಡೆಗೆ ಬೂಷ್ಟು, ಕಿಟಕಿಗೆ ಹಳೇ ಹಸಿರು ಎನಾಮಲ್. ಗಾಳಿ ಶುದ್ಧ ಮಾಡುವ ಗಿಡ ಯಾವುದು ಇಡಲಿ, ಬಣ್ಣವೋ ಸುಣ್ಣವೋ, ಪ್ಲೈವುಡ್ ತೊಟ್ಟಿಲು ಮಾಡಿಸಲೋ ಬೇಡವೋ ಅಂತ ಕೇಳಿದ್ದೀರಿ.

ಗಿಡದ ಗುಂಪಿನಲ್ಲಿ ಹೀಗೆ ಹೇಳಿದರೆ ಬೈಸಿಕೊಳ್ಳಬೇಕಾದೀತು, ಆದರೂ ಹೇಳುತ್ತೇನೆ: ಕೋಣೆಯೊಳಗೆ ಗಿಡ ಬೇಡ. ಗಿಡ ಗಾಳಿ ಶುದ್ಧ ಮಾಡುತ್ತದೆ ಅಂತ ಎಲ್ಲರೂ ಹಂಚುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಮನೆಯ ಸಹಜ ಗಾಳಿಯಾಟದಷ್ಟೇ ಪರಿಣಾಮ ಗಿಡದಿಂದ ಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ ಹತ್ತು ಕುಂಡ ಬೇಕಾದೀತು ಎಂದು 2019ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದು ಕಿಟಕಿ ತೆರೆದರೆ ಆ ಕೆಲಸ ಆಗಿಹೋಗುತ್ತದೆ. ಸದಾ ಒದ್ದೆಯಿರುವ ಕುಂಡದ ಮಣ್ಣು ಬೂಷ್ಟಿಗೆ ದಾರಿ, ಕೆಳಗಿನ ತಟ್ಟೆಯ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಮನಿ ಪ್ಲಾಂಟ್, ಡೈಫನ್‌ಬೇಕಿಯಾ, ಸಿಂಗೋನಿಯಂ, ಪೀಸ್ ಲಿಲಿ ಇವುಗಳ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಂಬೆಗಾಲಿಡುವ ಮಗು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಗಿಡ ಬೇಕೇ ಬೇಕು ಅಂದರೆ ಪಶ್ಚಿಮದ ಕಿಟಕಿಯ ಹೊರಗೆ ಒಂದೂವರೆ ಅಡಿ ದೂರದಲ್ಲಿ ತಂತಿ ಕಟ್ಟಿ ಬಸಳೆಯನ್ನೋ ಶಂಖಪುಷ್ಪವನ್ನೋ ಹಬ್ಬಿಸಿ. ಬೇಸಿಗೆಯ ಮಧ್ಯಾಹ್ನ ಗೋಡೆ ಕಾಯುವುದು ಕಡಿಮೆಯಾಗುತ್ತದೆ. ಗಿಡದಿಂದ ಆಗುವ ನಿಜವಾದ ಉಪಕಾರ ಇದು.

ಈಗ ಗೋಡೆ. ಬೂಷ್ಟಿನ ಮೇಲೆ ಸುಣ್ಣವಾಗಲಿ ಬಣ್ಣವಾಗಲಿ ಬಳಿಯಬೇಡಿ, ಮಳೆಗಾಲಕ್ಕೆ ಮತ್ತೆ ಮೇಲೆ ಬರುತ್ತದೆ. ಮೊದಲು ತೇವ ಎಲ್ಲಿಂದ ಅಂತ ನೋಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿಗಟ್ಟಿದರೆ ಒಳಗಿಂದ ಸೋರಿಕೆ, ಅಂದರೆ ಪೈಪು ಅಥವಾ ಬಚ್ಚಲ ಟೈಲ್ಸಿನ ಸಂದು. ಕೋಣೆಯ ಕಡೆ ಒದ್ದೆಯಾದರೆ ಗಾಳಿಯ ತೇವ, ಅದಕ್ಕೆ ಕಿಟಕಿಯೇ ಮದ್ದು. ಸೋರಿಕೆ ಸರಿಮಾಡಿದ ಮೇಲೆ ಸಾಬೂನು ನೀರಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಒಣಗಿದ ಬೂಷ್ಟನ್ನು ಪೊರಕೆಯಲ್ಲಿ ಗುಡಿಸಬೇಡಿ, ಬೀಜಕಣ ಕೋಣೆ ತುಂಬಾ ಹಾರುತ್ತವೆ.

ಬಣ್ಣವೋ ಸುಣ್ಣವೋ ಅಂದರೆ ನನ್ನ ಓಟು ಸುಣ್ಣಕ್ಕೆ. ಕ್ಷಾರ ಜಾಸ್ತಿ ಇರುವುದರಿಂದ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ಗೋಡೆ ಉಸಿರಾಡುತ್ತದೆ. ಆದರೆ ಒಂದು ಷರತ್ತು: ನಿಮ್ಮ ಗೋಡೆಗೆ ಈಗ ಪ್ಲಾಸ್ಟಿಕ್ ಎಮಲ್ಷನ್ ಇದ್ದರೆ ಸುಣ್ಣ ನಿಲ್ಲುವುದಿಲ್ಲ, ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಹಾಗಿದ್ದರೆ ವಿಓಸಿ (ಬಣ್ಣದಿಂದ ಗಾಳಿಗೆ ಸೇರುವ ರಾಸಾಯನಿಕ ಹಬೆ) ಕಡಿಮೆ ಇರುವ ನೀರಿನ ಬಣ್ಣವೇ ಸರಿ. ಬರೀ ಡಿಸ್ಟೆಂಪರ್ ಆದರೆ ಗಾರೆ ಕಾಣುವವರೆಗೆ ಕೆರೆದು ಸುಣ್ಣ ಹೊಡೆಯಬಹುದು. ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ಮು ಇರಲಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಒಂದು ದಿನ ಅರಳಲು ಬಿಟ್ಟು ಗೋಣಿತಾಟಿನಲ್ಲಿ ಸೋಸಿ, ಹತ್ತು ಲೀಟರ್ ಸುಣ್ಣದ ನೀರಿಗೆ 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿ. ನಿಮ್ಮ ಕೋಣೆಗೆ ಚಾವಣಿ ಸೇರಿ ಮೂರು ಕೋಟು ಬಳಿಯಲು ಐದಾರು ಕೆಜಿ ಸುಣ್ಣ ಸಾಕು. ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಹೊಡೆಯಿರಿ. ಒದ್ದೆಯಿದ್ದಾಗ ಏನೂ ಹೊಡೆದಿಲ್ಲವೇನೋ ಎನಿಸುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದವರು ಗಟ್ಟಿ ಮಾಡಿ ಬಳಿದು, ಆಮೇಲೆ ಸುಣ್ಣ ಉದುರುತ್ತದೆ ಅಂತ ದೂರುತ್ತಾರೆ. ದಿನಕ್ಕೊಂದು ಕೋಟು.

ನೀವು ಮಾಮೂಲಿ ಅಂದುಕೊಂಡಿರುವ ಆ ಹಸಿರು ಕಿಟಕಿಯೇ ಈ ಕೋಣೆಯ ದೊಡ್ಡ ಅಪಾಯ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಎನಾಮಲ್‌ನಲ್ಲಿ ಸೀಸ ಇದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ. ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಲೆ ನೀರಿನ ಎನಾಮಲ್ ಹೊಡೆಸಿ. ಎದ್ದಿದ್ದರೆ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನೀರು ಹಚ್ಚಿಕೊಂಡು ವಾಟರ್ ಪೇಪರಿನಲ್ಲೇ (ಒದ್ದೆಯಲ್ಲಿ ಬಳಸುವ ಉಜ್ಜುಕಾಗದ) ಉಜ್ಜಬೇಕು. ಒಣ ಸ್ಯಾಂಡಿಂಗ್ ಮಿಷನ್ನೂ ಬೇಡ, ಬೆಂಕಿಯಲ್ಲಿ ಸುಡುವುದೂ ಬೇಡ. ಇದೆಲ್ಲ ಮುಗಿದು, ನೆಲ ಎರಡು ಸಲ ಒದ್ದೆ ಒರೆಸುವವರೆಗೆ ಮಗಳು ಆ ಮನೆಯಲ್ಲೇ ಇರಬಾರದು. ಅವಳು ಬರುವ ಮೊದಲೇ ಮುಗಿಸಿಕೊಳ್ಳಿ.

ತೊಟ್ಟಿಲು. ಅಗ್ಗದ ಎಂಆರ್ (ತೇವ ತಡೆಯುವ ಸಾಧಾರಣ ದರ್ಜೆಯ) ಪ್ಲೈವುಡ್‌ನ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಸೆಕೆ ಹೆಚ್ಚಿದಷ್ಟೂ ಅದರಿಂದ ಬರುವ ಫಾರ್ಮಾಲ್ಡಿಹೈಡ್ ಎಂಬ ವಿಷದ ಹಬೆ ಹೆಚ್ಚು. ಮೆಲಮೈನ್ ಪಾಲಿಶ್‌ದೂ ಇದೇ ಕತೆ. ಮಗುವಿಗಾಗಿ ಹೊಸ ಬೀರು ಮಾಡಿಸುವ ಆಸೆ ಇದ್ದರೆ ಈ ವರ್ಷ ಬಿಡಿ. ಅಟ್ಟದ ಮೇಲೆ ಹಳೇ ಮರದ ತೊಟ್ಟಿಲು ಇದೆ ಅಂದಿರಲ್ಲ, ಅದನ್ನೇ ಇಳಿಸಿ. ಹಳೇ ಬಣ್ಣ ಇದ್ದರೆ ಕಿಟಕಿಗೆ ಹೇಳಿದ ಎಚ್ಚರಿಕೆಯಲ್ಲೇ ಪೂರ್ತಿ ತೆಗೆಸಿ, ಅರಗಿನ ಪಾಲಿಶ್ ಹಾಕಿಸಿ ನಾಲ್ಕು ವಾರ ಗಾಳಿಗೆ ಬಿಡಿ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಹಳೇ ಕೆತ್ತನೆ ತೊಟ್ಟಿಲುಗಳಲ್ಲಿ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ನಡುವೆ ಇನ್ನೊಂದು ಪಟ್ಟಿ ಹೊಡೆಸಿ. ಬೂರುಗದ ಹತ್ತಿಯ ಹಾಸಿಗೆ ಸಹಜವಾದದ್ದೇ, ಆದರೆ ಎಳೆಗೂಸಿಗೆ ತೀರಾ ಮೆತ್ತಗೆ, ಮುಖ ಹೂತುಕೊಳ್ಳುತ್ತದೆ. ಗಟ್ಟಿಯಾಗಿ ತುಂಬಿದ ಹತ್ತಿ ಅಥವಾ ತೆಂಗಿನನಾರಿನ ಹಾಸಿಗೆ ಇರಲಿ: ಅಂಗೈಯಿಂದ ಒತ್ತಿ ಬಿಟ್ಟರೆ ತಕ್ಷಣ ಮೇಲೇಳಬೇಕು, ಅಂಚಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ದಿಂಬು ಬೇಡ, ಸಾಸಿವೆ ದಿಂಬೂ ಬೇಡ. ಮಗುವನ್ನು ಅಂಗಾತ ಮಲಗಿಸಿ.

ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು ಬೇವಿನೆಣ್ಣೆಗೆ ಕರ್ಪೂರ ಹಾಕಿ ದೀಪ ಹಚ್ಚಿ, ಅದು ನೈಸರ್ಗಿಕ ಸೊಳ್ಳೆ ನಿವಾರಕ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಕೂಸಿಗೆ ಫಿಟ್ಸ್ ಬರಬಹುದು, ಬೇವಿನೆಣ್ಣೆ ಕುಡಿಸಿದರೂ ಅಷ್ಟೇ ಅಪಾಯ. ಎರಡೂ ಆ ಕೋಣೆಯಲ್ಲಿ ಇರದಿದ್ದರೇ ಒಳ್ಳೆಯದು. ಕಿಟಕಿಗೆ ಜಾಲರಿ, ತೊಟ್ಟಿಲಿಗೆ ಹತ್ತಿಯ ಸೊಳ್ಳೆಪರದೆ, ಇಷ್ಟೇ. ಡೆಂಗಿ ಸೊಳ್ಳೆ ಹಗಲು ಕಚ್ಚುವುದರಿಂದ ಹಗಲು ಮಲಗಿಸಿದಾಗಲೂ ಪರದೆ ಬೇಕು.

ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಡುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಈ ಸಲ ನಿಲ್ಲಿಸಲೇಬೇಕು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೂ ಇದೇ ಭಯ, ಅದನ್ನು ಹೊರಗೋಡೆಗೆ ಹಾಕಿಸಿ. ಹಿರಿಯರು ಸಾಂಬ್ರಾಣಿ ಬೇಕೇ ಬೇಕು ಅಂದರೆ ಹಜಾರದಲ್ಲಿ ಬಾಗಿಲು ತೆಗೆದು ಹಾಕಲಿ, ಮಗುವನ್ನು ಹೊಗೆಗೆ ಹಿಡಿಯುವುದು ಬೇಡ. ತಲೆಯ ನೀರನ್ನು ಒಣ ಪಂಚೆಯಲ್ಲಿ ಒತ್ತಿ ತೆಗೆದರೆ ಸಾಕು.

ಬಟ್ಟೆಗೆ ಹಳೇ ಪಂಚೆ, ಹತ್ತಿ ಸೀರೆಯನ್ನು ಮುಕ್ಕಾಲು ಮೀಟರ್ ಚೌಕಕ್ಕೆ ಹರಿದು ಮೂವತ್ತು ತುಂಡು ಮಾಡಿಡಿ. ಕಕ್ಕ ಆದ ಬಟ್ಟೆಯನ್ನು ಮೊದಲು ತಣ್ಣೀರಲ್ಲೇ ಜಾಲಿಸಿ, ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಬೋರಿನ ಗಡಸು ನೀರಿನಲ್ಲಿ ಬಾರ್ ಸೋಪು ಜಿಡ್ಡುಗಟ್ಟಿ ಬಟ್ಟೆ ಹೀರುವುದನ್ನೇ ನಿಲ್ಲಿಸುತ್ತದೆ, ಅಂಟುವಾಳದ ನೊರೆಗೆ ಆ ತೊಂದರೆ ಇಲ್ಲ. ಸಾಫ್ಟ್‌ನರ್ ಬೇಡ, ಬಿಸಿಲು ಬೇಕು. ಮತ್ತೆ, ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೇ ಕುಲಾವಿ, ದುಪ್ಪಟಿಗಳನ್ನು ಮಗುವಿಗೆ ತೊಡಿಸಬೇಡಿ, ಹೊದಿಸಬೇಡಿ. ಜಿ6ಪಿಡಿ (ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವ ಶಿಶುವಿಗೆ ಆ ನ್ಯಾಫ್ತಲೀನ್ ಹಬೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರುತ್ತದೆ, ಕೊರತೆ ಇದೆಯೋ ಇಲ್ಲವೋ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಅಂಥ ಬಟ್ಟೆ ಮಗುವಿಗೆ ಬೇಡವೇ ಬೇಡ. ಇನ್ನು ಮುಂದೆ ಟ್ರಂಕಿಗೆ ನೆರಳಲ್ಲಿ ಒಣಗಿಸಿದ ಲಕ್ಕಿ ಸೊಪ್ಪೋ ಬೇವಿನೆಲೆಯೋ ಹಾಕಿ, ಆರು ತಿಂಗಳಿಗೊಮ್ಮೆ ಬದಲಿಸಿ.