ಮಾಲ್ಡೀವ್ಸ್‌ನ ದ್ವೀಪದ ಶಾಲೆಯಲ್ಲಿ ಟೀಚರ್ ಆದರೆ ಬದುಕು ಹೇಗಿರುತ್ತದೆ?

ನಿಮಗೆ ಮಾಲ್ಡೀವ್ಸ್‌ನ ಶಾಲೆಯೊಂದರಿಂದ ಗಣಿತ ಟೀಚರ್ ಕೆಲಸಕ್ಕೆ ಆಫರ್ ಬಂದಿದೆ. ಅಲ್ಲಿ ದಿನ ಹೇಗೆ ಕಳೆಯುತ್ತದೆ, ರಜೆಯಲ್ಲಿ ತಿರುಗಾಡಲು ಆಗುತ್ತದಾ ಅಂತ ಕೇಳಿದ್ದೀರಿ. ಸಂಬಳ ಎಷ್ಟು ಅಂತ ಬರೆದಿದ್ದೀರಿ, ದ್ವೀಪದ ಹೆಸರು ಮಾತ್ರ ಬರೆದಿಲ್ಲ. ನನ್ನನ್ನು ಕೇಳಿದರೆ ಮೊದಲು ವಿಚಾರಿಸಬೇಕಾದದ್ದು ಅದನ್ನೇ. ನಾನೂ ಅಲ್ಲಿ ಕೆಲವು ವರ್ಷ ಗಣಿತ ಕಲಿಸಿ ಬಂದವಳು, ಊರು ಪುತ್ತೂರಿನ ಕಡೆ.

ಆ ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ. ಜನ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 800 ಕಿ.ಮೀ.ಗಿಂತ ಜಾಸ್ತಿ ದೂರ, ನಡುವೆ ಬರೀ ನೀರು. ರಾಜಧಾನಿ ಮಾಲೆಯಲ್ಲಿ ಕೆಲಸ ಸಿಕ್ಕಿದರೆ ಕಟ್ಟಡಗಳ ಸಂದಿಯಲ್ಲಿ, ಸ್ಕೂಟರ್‌ಗಳ ಗಲಾಟೆಯಲ್ಲಿ, ದುಬಾರಿ ಬಾಡಿಗೆ ರೂಮಿನಲ್ಲಿ ಬದುಕು. ದೂರದ ದ್ವೀಪ ಸಿಕ್ಕಿದರೆ ಸಾವಿರ ಜನವೂ ಇಲ್ಲದ ಊರು, ಒಂದು ಶಾಲೆ, ಒಂದು ಹೆಲ್ತ್ ಸೆಂಟರ್, ಮೂರ್ನಾಲ್ಕು ಅಂಗಡಿ. ಎರಡೂ ಕಡೆ ಹುದ್ದೆಯ ಹೆಸರು ಒಂದೇ, ಬದುಕು ಬೇರೆ ಬೇರೆ. ನೀವು ಇನ್‌ಸ್ಟಾಗ್ರಾಂನಲ್ಲಿ ನೋಡಿರುವ ನೀರಿನ ಮೇಲಿನ ಮನೆಗಳು ರೆಸಾರ್ಟ್ ದ್ವೀಪದವು. ಅಲ್ಲಿ ಶಾಲೆ ಇರುವುದಿಲ್ಲ, ನಾವೂ ಇರುವುದಿಲ್ಲ.

ನನಗೆ ಸಿಕ್ಕಿದ್ದು ದಕ್ಷಿಣದ ಹುವದೂ ಅಟಾಲ್. ಅಟಾಲ್ ಅಂದರೆ ಉಂಗುರದ ಹಾಗೆ ಬೆಳೆದ ಹವಳದ ದಿಬ್ಬದ ಮೇಲೆ ಹರಡಿರುವ ದ್ವೀಪಗಳ ಗುಂಪು, ನಡುವೆ ಸಮುದ್ರದ ನೀರು. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನವಾದರೆ ಎರಡು ಗಂಟೆ ಆಸುಪಾಸು. ಅಲ್ಲಿಂದ ನಮ್ಮ ದ್ವೀಪಕ್ಕೆ ಸಾಮಾನಿನ ಬೋಟಿನಲ್ಲಿ ಹೊರಟರೆ ರಾತ್ರಿ ಇಡೀ ಕಳೆದು ಮರುದಿನವೂ ಪ್ರಯಾಣವೇ. ಒಳನಾಡಿನ ವಿಮಾನ ಇದೆ, ಒಂದು ಗಂಟೆ ಚಿಲ್ಲರೆ ಸಾಕು. ಆದರೆ ವಿಮಾನ ಇಳಿದ ಮೇಲೂ ಸ್ಪೀಡ್‌ಬೋಟ್ ಹತ್ತಲೇಬೇಕು.

ಎಲ್ಲವೂ ಬೋಟಿನ ಲೆಕ್ಕ. ಅಕ್ಕಿ, ಈರುಳ್ಳಿ, ಮೊಟ್ಟೆ, ಚಾಕ್‌ಪೀಸ್, ಪರೀಕ್ಷೆ ಪೇಪರ್ ಬಂಡಲ್, ಜನರೇಟರ್‌ಗೆ ಡೀಸೆಲ್, ಎಲ್ಲ ಮಾಲೆಯಿಂದ ಬರಬೇಕು. ಬೋಟ್ ಬರುವ ದಿನ ಮಧ್ಯಾಹ್ನದಿಂದಲೇ ವೈಬರ್ ಗ್ರೂಪಿನಲ್ಲಿ ಮೆಸೇಜ್ ಶುರು. ಅಲ್ಲಿ ವಾಟ್ಸಾಪ್‌ಗಿಂತ ವೈಬರ್ ಜಾಸ್ತಿ, ಶಾಲೆಯ ನೋಟಿಸೂ ಅದರಲ್ಲೇ ಬರುತ್ತದೆ. ಕಟ್ಟೆಗೆ ಬೋಟ್ ತಾಗುವ ಮೊದಲೇ ಅರ್ಧ ಊರು ಹಾರ್ಬರಿನಲ್ಲಿರುತ್ತದೆ. ರಟ್ಟಿನ ಪೆಟ್ಟಿಗೆಗಳ ಮೇಲೆ ದಪ್ಪ ಮಾರ್ಕರ್‌ನಲ್ಲಿ ಮನೆಯ ಹೆಸರು, ಫೋನ್ ನಂಬರ್. ಒಬ್ಬ ಹುಡುಗ ಡೆಕ್ಕಿನ ಮೇಲೆ ನಿಂತು ಹೆಸರು ಕೂಗುತ್ತಾನೆ, ಕೆಳಗಿನವರು ಕೈ ಎತ್ತುತ್ತಾರೆ. ನಿಮ್ಮ ಪೆಟ್ಟಿಗೆ ತಳದಲ್ಲಿದ್ದರೆ ಕತ್ತಲಾಗುವ ತನಕ ಕಾಯಬೇಕು. ತರಕಾರಿ ಅಂಗಡಿಗೆ ಹೋಗುವ ಹೊತ್ತಿಗೆ ಟೊಮೆಟೊ ಖಾಲಿ. ಅದಕ್ಕೇ ನಾವು ಟೀಚರ್‌ಗಳು ಪಾಳಿ ಮಾಡಿಕೊಂಡಿದ್ದೆವು. ಒಬ್ಬರು ಪೆಟ್ಟಿಗೆಗೆ, ಒಬ್ಬರು ಅಂಗಡಿಗೆ.

ಮೇ ಕೊನೆಯಿಂದ ನೈಋತ್ಯ ಮಾರುತ ಶುರುವಾದರೆ ಬೋಟ್ ಬರುವ ದಿನ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮನೆ ಮಾಲೀಕರ ತಂದೆ ಹಳೇ ಮೀನುಗಾರರು. ಅವರು ಮೊಬೈಲಿನ ಹವಾಮಾನ ನೋಡುತ್ತಲೇ ಇರಲಿಲ್ಲ. ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು: ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ... ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಯಾವುದರಲ್ಲಿ ಗಾಳಿ, ಯಾವುದರಲ್ಲಿ ಮೀನು, ಯಾವಾಗ ದೂರ ಹೋಗಬಾರದು, ಎಲ್ಲ ಅದರಲ್ಲೇ. ನಾನು ಎಣಿಸಿ ನೋಡಿದೆ, ಇಪ್ಪತ್ತೇಳು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ! ನಮ್ಮಜ್ಜ ತೋಟದಲ್ಲಿ ನಿಂತು ಮಳೆ ಲೆಕ್ಕ ಹಾಕುತ್ತಿದ್ದದ್ದೂ ಇವುಗಳಲ್ಲೇ. ನಾಲ್ಕೈದು ದಿನ ಆಚೀಚೆ ಅಷ್ಟೇ. ಅವರ ರೋನು ಮೇ 20ರ ಸುಮಾರಿಗೆ, ನಮ್ಮ ರೋಹಿಣಿ ಮಳೆ 25ರ ಹೊತ್ತಿಗೆ. ಅದಾದ ಮೇಲೆ ರಜೆಗೆ ಟಿಕೆಟ್ ಮಾಡುವ ಮೊದಲು ಅವರನ್ನೇ ಕೇಳುತ್ತಿದ್ದೆ.

ಶಾಲೆಯ ವಿಷಯ. ವಾರ ಭಾನುವಾರದಿಂದ ಗುರುವಾರದವರೆಗೆ, ಶುಕ್ರವಾರ ಶನಿವಾರ ರಜೆ. ಬೆಳಿಗ್ಗೆ 7ರ ಸುಮಾರಿಗೆ ಶುರು, ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಎಕ್ಸ್‌ಟ್ರಾ ಕ್ಲಾಸ್, ಮೀಟಿಂಗ್, ಸ್ಪೋರ್ಟ್ಸ್ ಅಂತ ಸಂಜೆಯೂ ಹೋಗಬೇಕಾಗುತ್ತದೆ. ಒಂದು ಗಂಟೆಗೆ ಬಿಡುವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಿವೇಹಿ ಭಾಷೆ ಮತ್ತು ಇಸ್ಲಾಂ ವಿಷಯ ಸ್ಥಳೀಯ ಟೀಚರ್‌ಗಳು ಕಲಿಸುತ್ತಾರೆ, ಉಳಿದದ್ದು ಇಂಗ್ಲಿಷ್ ಮಾಧ್ಯಮ. ಹತ್ತನೇ ಗ್ರೇಡಿನ ಮಕ್ಕಳು ಕೇಂಬ್ರಿಡ್ಜ್‌ನ ಓ ಲೆವೆಲ್, ಐಜಿಸಿಎಸ್‌ಇ ಪರೀಕ್ಷೆ ಬರೆಯುತ್ತಾರೆ. ಐದು ವಿಷಯ ಪಾಸಾದವರು ಎಷ್ಟು ಮಂದಿ ಅನ್ನುವುದೇ ಊರಿಗೆಲ್ಲ ಚರ್ಚೆ. ಗಣಿತ ಆ ಐದರಲ್ಲಿ ಒಂದಾಗಬೇಕು, ಹಾಗಾಗಿ ಎಲ್ಲರ ಕಣ್ಣು ನಿಮ್ಮ ಮೇಲೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಇರುವ ಟೆನ್ಷನ್ನೇ ಅಲ್ಲೂ.

ಕ್ಲಾಸಿನಲ್ಲಿ ಮಕ್ಕಳು ಕಡಿಮೆ. ಸಣ್ಣ ದ್ವೀಪದಲ್ಲಿ ಒಂದು ಗ್ರೇಡಿಗೆ ಹತ್ತು ಹದಿನೈದು ಮಂದಿ ಇದ್ದರೆ ದೊಡ್ಡದು. ಇದು ಸುಖ ಅಂದುಕೊಳ್ಳಬೇಡಿ, ಟೀಚರ್‌ಗಳೂ ಕಡಿಮೆ. ನಾನು ಗಣಿತದ ಜೊತೆ ಒಂದು ವರ್ಷ ಸೈನ್ಸ್ ಕೂಡ ಎಳೆದೆ. ಮಕ್ಕಳು ಮಾತಿನಲ್ಲಿ ಸಲಿಗೆ ಜಾಸ್ತಿ, ಭಯ ಇಲ್ಲ. ಬೈದರೆ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ, ಹೊಡೆಯುವ ಮಾತೇ ಇಲ್ಲ. ನಮ್ಮ ಕಡೆ ಇಪ್ಪತ್ತು ವರ್ಷ ಸರ್ವಿಸ್ ಮಾಡಿ ಬಂದ ಮೇಷ್ಟರುಗಳಿಗೆ ಇದು ಜೀರ್ಣ ಆಗುವುದಿಲ್ಲ, ಗೊಣಗುತ್ತಲೇ ಇರುತ್ತಾರೆ. ನನಗೆ ಅದೇ ಇಷ್ಟವಾಯಿತು. ಅರ್ಥ ಆಗದಿದ್ದರೆ "ಮಿಸ್, ಬೋರ್" ಅಂತ ಮುಖಕ್ಕೇ ಹೇಳುತ್ತಾರೆ. ಬೇರೆ ರೀತಿ ಹೇಳಿಕೊಡುವ ದಾರಿ ಹುಡುಕಲೇಬೇಕಾಗುತ್ತದೆ.

ವಾಸಕ್ಕೆ ಸಾಮಾನ್ಯವಾಗಿ ಯಾರದ್ದಾದರೂ ಮನೆಯ ರೂಮು. ಶಾಲೆ ಕೊಡುತ್ತದಾ, ಅಥವಾ ಬಾಡಿಗೆ ಭತ್ಯೆ ಕೊಟ್ಟು ಕೈ ತೊಳೆದುಕೊಳ್ಳುತ್ತದಾ ಅಂತ ಆಫರ್ ಲೆಟರ್‌ನಲ್ಲಿ ನೋಡಿ. ಕುಡಿಯಲು ಮಳೆ ನೀರು, ಅಂಗಳದಲ್ಲಿ ದೊಡ್ಡ ಟ್ಯಾಂಕ್. ಸಂಜೆ ಹೆಂಗಸರು ಮನೆ ಮುಂದೆ ಜೋಲಿ ಅಂತ ಕರೆಯುವ ಬಲೆ ಕುರ್ಚಿಗಳಲ್ಲಿ ಕೂತು ಹರಟುತ್ತಾರೆ. ನೀವೂ ಹೋಗಿ ಕೂರಿ. ರೂಮಿನ ಬಾಗಿಲು ಹಾಕಿಕೊಂಡು ಸೀರಿಯಲ್ ನೋಡುತ್ತಾ ಕೂತವರೇ ಬೇಗ ಕೆಲಸ ಬಿಟ್ಟು ಓಡಿಹೋದದ್ದನ್ನು ನಾನು ನೋಡಿದ್ದೇನೆ.

ಊಟ ಮೀನು ತಿನ್ನುವವರಿಗೆ ಹಬ್ಬ. ಬೆಳಿಗ್ಗೆ ಮಸ್ ಹುನಿ, ಅಂದರೆ ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸು, ನಿಂಬೆ ಸೇರಿಸಿ ಕಿವುಚಿದ್ದು, ಜೊತೆಗೆ ರೋಶಿ ಅನ್ನುವ ತೆಳು ಚಪಾತಿ. ಮಧ್ಯಾಹ್ನ ಗರುದಿಯ ಅನ್ನುವ ತೆಳು ಮೀನು ಸಾರು. ಸಂಜೆ ಚಹಾಕ್ಕೆ ಹೆದಿಕಾ ಅನ್ನುವ ತಿಂಡಿಗಳು, ಅದರಲ್ಲೂ ಮೀನಿನ ಹೂರಣ. ಸಸ್ಯಾಹಾರಿಗಳು ಅಡುಗೆ ಬಾರದೆ ಹೋಗಲೇಬಾರದು. ತರಕಾರಿ ಪಲ್ಯ ಅಂತ ಕೊಟ್ಟದ್ದರಲ್ಲೂ ಒಣಮೀನಿನ ಚೂರು ಇಣುಕುತ್ತದೆ. ನನ್ನನ್ನು ಬದುಕಿಸಿದ್ದು ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್! ನಮ್ಮ ಊರಿನಲ್ಲಿ ಮನೆಗೊಂದು ಮರ ಇರುವ ಹಾಗೆ ಅಲ್ಲೂ ಇದೆ. ತೆಂಗು, ನುಗ್ಗೆ, ಕರಿಬೇವು ಕೂಡ. ಜೀಗುಜ್ಜೆ ಪೋಡಿ ಮಾಡಿ ಸ್ಟಾಫ್ ರೂಮಿಗೆ ಒಯ್ದ ದಿನದಿಂದ ಪಕ್ಕದ ಮನೆಯವರು ಮರದಿಂದ ಇಳಿಸಿದ್ದನ್ನು ನನ್ನ ಬಾಗಿಲಿಗೇ ತಂದಿಡುತ್ತಿದ್ದರು. ಕುಚ್ಚಲಕ್ಕಿ ಮಾತ್ರ ಸಿಗಲಿಲ್ಲ.

ಧರ್ಮದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಅದು ಪೂರ್ತಿ ಮುಸ್ಲಿಂ ದೇಶ. ಪೂಜೆಯ ವಿಗ್ರಹ, ಮದ್ಯ, ಹಂದಿಮಾಂಸ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಗಣಪತಿ ಹಬ್ಬವನ್ನು ರೂಮಿನೊಳಗೆ ನಾಲ್ಕು ಮಂದಿ ಸೇರಿ ಸದ್ದಿಲ್ಲದೆ ಮಾಡಿಕೊಳ್ಳಬೇಕು. ಇದಕ್ಕೆ ಒಗ್ಗುವುದಿಲ್ಲ ಅನ್ನಿಸಿದರೆ ಹೋಗದಿರುವುದೇ ಒಳ್ಳೆಯದು. ರಂಜಾನ್‌ನಲ್ಲಿ ಹಗಲು ಎಲ್ಲರೆದುರು ತಿನ್ನುವ ಹಾಗಿಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ಅಕ್ಕಪಕ್ಕದಿಂದ ತಟ್ಟೆ ತಟ್ಟೆ ತಿಂಡಿ ಬರುತ್ತದೆ, ಮಧ್ಯರಾತ್ರಿ ತನಕ ಊರು ಎಚ್ಚರ. 2023ರ ಚುನಾವಣೆ ಹೊತ್ತಿನ "ಇಂಡಿಯಾ ಔಟ್" ಗಲಾಟೆಯ ಬಗ್ಗೆ ಊರಿನಿಂದ ಫೋನ್ ಮಾಡಿ ಗಾಬರಿಯಾದವರು ಇದ್ದರು. ನಮ್ಮ ದ್ವೀಪದಲ್ಲಿ ಅದರ ಬಿಸಿ ನನಗೆ ತಟ್ಟಲಿಲ್ಲ.

ಇನ್ನು ತಿರುಗಾಟ. ವಾರದ ರಜೆ ಶುಕ್ರವಾರ ಶನಿವಾರ ಅಂದೆನಲ್ಲ, ಸರಕಾರಿ ಫೆರ್ರಿ ಹೆಚ್ಚಿನ ಕಡೆ ಶುಕ್ರವಾರವೇ ಓಡುವುದಿಲ್ಲ! ಹಾಗಾಗಿ ವಾರಾಂತ್ಯದ ಪ್ರವಾಸ ಅಂದರೆ ಹತ್ತು ಮಂದಿ ದುಡ್ಡು ಹಾಕಿ ದೋಣಿ ಗೊತ್ತು ಮಾಡುವುದು. ಜನ ಇಲ್ಲದ ಸಣ್ಣ ದ್ವೀಪಕ್ಕೆ ಶಾಲೆಯವರೇ ಪಿಕ್‌ನಿಕ್ ಕರೆದುಕೊಂಡು ಹೋಗುತ್ತಾರೆ. ಹೋಗುವ ದಾರಿಯಲ್ಲೇ ಗಾಳ ಹಾಕಿ ಹಿಡಿದ ಮೀನು, ಮೂರು ಕಲ್ಲಿನ ಒಲೆ, ದೊಡ್ಡ ಪಾತ್ರೆ ಗರುದಿಯ, ಅನ್ನ, ಹಸಿಮೆಣಸು. ಹೆಂಗಸರು ಮೈತುಂಬ ಬಟ್ಟೆಯಲ್ಲೇ ನೀರಿಗೆ ಇಳಿಯುತ್ತಾರೆ. ಜನ ಇರುವ ದ್ವೀಪಗಳಲ್ಲಿ ನೀವೂ ಹಾಗೇ ಇಳಿಯಬೇಕು.

ಸ್ವಲ್ಪ ದೊಡ್ಡ ರಜೆಯಲ್ಲಿ ನಾನು ಹೋದದ್ದು ದಕ್ಷಿಣಕ್ಕೆ, ಫುವಮ್ಮುಲಾಗೆ. ಹುವದೂನಿಂದ ಹೊರಟರೆ ದಾರಿಯಲ್ಲಿ ಭೂಮಧ್ಯರೇಖೆ ದಾಟುತ್ತೀರಿ. ಬೋಟಿನಲ್ಲಿದ್ದ ಅರ್ಧ ಜನ ಆಗ ವಾಂತಿ ಮಾಡುತ್ತಿದ್ದರು, ಫೋಟೋ ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ. ಅಲ್ಲಿ ಸುತ್ತ ಬೇರೆ ದ್ವೀಪಗಳಿಲ್ಲ, ಇಡೀ ಅಟಾಲೇ ಒಂದು ದ್ವೀಪ. ಒಳಗೆ ಎರಡು ಸಿಹಿನೀರಿನ ಕೆರೆಗಳು, ಅವುಗಳ ಬದಿಯಲ್ಲಿ ಕೆಸುವಿನ ಗದ್ದೆ, ಮಾವಿನ ಮರ. ತಿಂಗಳುಗಟ್ಟಲೆ ಮರಳು, ತೆಂಗಿನ ಮರ ಬಿಟ್ಟು ಬೇರೇನೂ ನೋಡದವಳಿಗೆ ಆ ಕೆಸರಿನ ವಾಸನೆ ಎಷ್ಟು ಖುಷಿ ಕೊಟ್ಟಿತು ಗೊತ್ತಾ! ಡೈವಿಂಗ್ ಮಾಡುವ ಬಿಳಿಯರು ಅಲ್ಲಿಗೆ ಬರುವುದು ಟೈಗರ್ ಶಾರ್ಕ್ ನೋಡಲು. ನಾನು ಬಂದದ್ದು ಕೆಸು ನೋಡಲು ಅಂದಾಗ ಗೆಸ್ಟ್‌ಹೌಸ್ ಹುಡುಗ ನಕ್ಕುಬಿಟ್ಟ.

ಅಲ್ಲಿಂದ ಅಡ್ಡೂ ಅಟಾಲ್ ಹತ್ತಿರ. ಅಡ್ಡೂವಿನ ಗನ್ ದ್ವೀಪದಲ್ಲಿ 1976ರ ತನಕ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು. ಆ ನೆಲೆಗಾಗಿ ಗನ್ ಜನರನ್ನು ಪಕ್ಕದ ಫೇದೂಗೆ ಎಬ್ಬಿಸಿದರು, ಫೇದೂನವರು ಮರದೂಗೆ ಹೋಗಬೇಕಾಯಿತು. ಈಗ ಗನ್‌ನಿಂದ ಹಿತದೂವರೆಗೆ ದ್ವೀಪಗಳನ್ನು ಜೋಡಿಸಿದ ಉದ್ದನೆಯ ರಸ್ತೆ ಇದೆ. ಬಾಡಿಗೆ ಸೈಕಲ್ ಸಿಗುತ್ತದೆ. ಎಷ್ಟು ಹೊತ್ತು ತುಳಿದರೂ ದ್ವೀಪ ಮುಗಿಯದೇ ಇರುವುದು ಎಂಥ ಸುಖ ಅನ್ನುವುದು ಸಣ್ಣ ದ್ವೀಪದಲ್ಲಿ ಇದ್ದವರಿಗೇ ಗೊತ್ತು.

ಮಾಲೆಯಲ್ಲಿ ಬೋಟ್ ಕಾಯುವ ದಿನ ಇದ್ದರೆ 1658ರ ಹವಳದ ಕಲ್ಲಿನ ಹಳೇ ಮಸೀದಿ, ಮೀನು ಮಾರುಕಟ್ಟೆ ನೋಡಿ. ಮಸೀದಿ ಗೋಡೆಯ ಕೆತ್ತನೆ ಹತ್ತಿರದಿಂದ ನೋಡುವಂಥದ್ದು. ಟಿಕೆಟ್ ತೆಗೆಯುವಾಗೆಲ್ಲ ವರ್ಕ್ ಪರ್ಮಿಟ್ ಕಾರ್ಡ್ ತೋರಿಸಿ ದರ ಕೇಳಿ, ಪ್ರವಾಸಿಗಳ ದರ ಜಾಸ್ತಿ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸಂಬಳ ರುಫಿಯಾದಲ್ಲಿ ಬರುತ್ತದೆ. ಸರಕಾರಿ ದರದಲ್ಲಿ ಒಂದು ಡಾಲರಿಗೆ 15.42 ರುಫಿಯಾ. ಆದರೆ ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಗುವುದಿಲ್ಲ. ಬ್ಯಾಂಕುಗಳು ತಿಂಗಳಿಗೆ ಇಷ್ಟೇ ಕಳಿಸಬಹುದು ಅಂತ ಮಿತಿ ಇಡುತ್ತವೆ, ಅದನ್ನು ಆಗಾಗ ಇಳಿಸುತ್ತವೆ. ಹೊರಗೆ ಕೊಂಡರೆ ದರ ಎಷ್ಟೋ ಜಾಸ್ತಿ. ಊರಿನಲ್ಲಿ ಸಾಲದ ಕಂತು ಕಟ್ಟುವವರು ನೀವಾದರೆ ಸಂಬಳವನ್ನು 15.42ರಿಂದ ಭಾಗಿಸಿ, ರೂಪಾಯಿಗೆ ಗುಣಿಸಿ ಖುಷಿಪಡಬೇಡಿ. ಈ ತಿಂಗಳ ಮಿತಿ ಎಷ್ಟು ಅಂತ ಅಲ್ಲಿರುವವರನ್ನು ಕೇಳಿ ಆಮೇಲೆ ಲೆಕ್ಕ ಹಾಕಿ. ಏಜೆಂಟ್‌ಗೆ ಮುಂಗಡ ಕೊಡುವ ಮೊದಲು ಶಾಲೆಗೇ ಫೋನ್ ಮಾಡಿ, ಆ ಹುದ್ದೆ ನಿಜವಾಗಿ ಖಾಲಿ ಇದೆಯಾ ಅಂತ ವಿಚಾರಿಸಿ. ನನ್ನ ಜೊತೆ ಬಂದಿದ್ದ ಒಬ್ಬರು ಕೊಟ್ಟ ಕಮಿಷನ್ ತೀರಿಸುವುದಕ್ಕೇ ತಿಂಗಳುಗಟ್ಟಲೆ ದುಡಿದರು.

ಒಯ್ಯುವ ಸಾಮಾನಿನಲ್ಲಿ ಹತ್ತಿ ಬಟ್ಟೆ ಜಾಸ್ತಿ ಇರಲಿ. ಕೈಕಾಲು ಮುಚ್ಚುವಂಥವು. ವಾಂತಿ ಮಾತ್ರೆ, ನಿಮ್ಮ ಖಾಯಂ ಔಷಧಿ ಇದ್ದರೆ ಡಾಕ್ಟರ್ ಚೀಟಿಯ ಸಮೇತ. ಸಾರಿನ ಪುಡಿ, ಉಪ್ಪಿನಕಾಯಿ ಹೇಗೂ ಒಯ್ಯುತ್ತೀರಿ. ಕುಕ್ಕರ್ ಒಯ್ಯುವುದಾದರೆ ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೊಳ್ಳಿ. ದ್ವೀಪದ ಅಂಗಡಿಯಲ್ಲಿ ಸಿಗುವುದು ನಮ್ಮ ಕುಕ್ಕರಿಗೆ ಕೂರುವುದಿಲ್ಲ.