ಇಷ್ಟೊಂದು ಭಾಷೆಗಳ ದೇಶಕ್ಕೆ ಒಂದೇ ಗಟ್ಟಿ ಸರ್ಕಾರ ಸಾಲದೇ?

ದೆಹಲಿಯೊಂದೇ ಎಲ್ಲವನ್ನೂ ನಡೆಸಿದರೆ ಕೆಲಸ ಬೇಗ ಆಗುತ್ತದಲ್ಲವೇ, ಈ ಒಕ್ಕೂಟದ ರಗಳೆ ಏಕೆ ಎಂದು ಕೇಳಿದ್ದೀರಿ. ನಾನು ರಾಜ್ಯಶಾಸ್ತ್ರ ಓದಿದವನಲ್ಲ, ಸಿದ್ದಾಪುರದ ಬಳಿ ಕಾಫಿ ಬೆಳೆಯುವವನು. ಆದರೆ ಒಂದು ಕಾಲಕ್ಕೆ ರಾಜ್ಯವಾಗಿದ್ದು ಈಗ ಜಿಲ್ಲೆಯಾಗಿರುವ ಕೊಡಗಿನವನು.

1952ರಲ್ಲಿ ನಮಗೆ 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಎಲ್ಲವೂ ಮೈಸೂರು ರಾಜ್ಯದೊಳಗೆ ಸೇರಿತು. ಮಡಿಕೇರಿಯಲ್ಲೇ ಮುಗಿಯುತ್ತಿದ್ದ ಕೆಲಸಕ್ಕೆ ಬೆಂಗಳೂರಿನ ಬಸ್ ಹತ್ತಬೇಕಾಯಿತು ಎಂದು ನನ್ನ ತಾತ ಕೊನೆಯವರೆಗೂ ಗೊಣಗುತ್ತಿದ್ದರು. ನಿಮ್ಮ ‘ಬೇಗ’ ಎಂಬ ಮಾತಿಗೆ ನನ್ನ ಉತ್ತರ ಆ ಗೊಣಗಾಟದಲ್ಲೇ ಇದೆ.

ಭಾಷಾವಾರು ರಾಜ್ಯಗಳಾದರೆ ದೇಶ ಒಡೆಯುತ್ತದೆಂಬ ಭಯ ದೊಡ್ಡವರಿಗೂ ಇತ್ತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿ 1949ರಲ್ಲಿ ಸದ್ಯಕ್ಕೆ ಬೇಡ ಎಂದೇ ಹೇಳಿತ್ತು. ಆದದ್ದು ಬೇರೆ. ನಾವು ಗಡಿಗಳನ್ನು ಭಾಷೆಗೆ ತಕ್ಕಂತೆ ತಿದ್ದಿದ 1956ರಲ್ಲೇ ಸಿಲೋನ್ (ಇಂದಿನ ಶ್ರೀಲಂಕಾ) ಸಿಂಹಳವೊಂದೇ ಆಡಳಿತ ಭಾಷೆ ಎಂದು ಕಾನೂನು ಮಾಡಿತು. ಅಲ್ಲಿನ ತಮಿಳರ ಅಸಮಾಧಾನ ಮುಂದೆ ಯುದ್ಧದವರೆಗೂ ಹೋಯಿತು. ಉರ್ದುವನ್ನು ಬಂಗಾಳಿಗಳ ಮೇಲೆ ಹೇರಲು ಹೋದ ಪಾಕಿಸ್ತಾನ 1971ರಲ್ಲಿ ಎರಡಾಯಿತು. ನಮ್ಮಲ್ಲಿ ಭಾಷೆಯ ಸಿಟ್ಟಿಗೆ ತನ್ನದೇ ವಿಧಾನಸಭೆ ಸಿಕ್ಕಿತು. ಸಿಟ್ಟು ಆರಲಿಲ್ಲ, ಅನುದಾನದ ಜಗಳವಾಯಿತು.

ಜಗಳ ಬೇಡವೆನ್ನುವವರಿಗೆ ಕಾವೇರಿಯನ್ನು ತೋರಿಸುತ್ತೇನೆ. ಅವಳು ಹುಟ್ಟುವುದು ನಮ್ಮ ಬೆಟ್ಟದಲ್ಲಿ, ಗಲಾಟೆಯಾಗುವುದು ಮಾತ್ರ ಕೆಳಗೆ. 1990ರಲ್ಲಿ ನ್ಯಾಯಮಂಡಳಿ ಬಂತು, 1991ರಲ್ಲಿ ಬೀದಿಯಲ್ಲಿ ರಕ್ತವೂ ಹರಿಯಿತು, 2007ರಲ್ಲಿ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಈಗಲೂ ಮಳೆ ಕೈಕೊಟ್ಟ ವರ್ಷ ಬಸ್ಸು ನಿಲ್ಲಿಸುತ್ತೇವೆ, ಪ್ರತಿಕೃತಿ ಸುಡುತ್ತೇವೆ, ಆಮೇಲೆ ವಕೀಲರನ್ನು ಕಳುಹಿಸುತ್ತೇವೆ. ಎರಡು ದೇಶಗಳಾಗಿದ್ದರೆ ಕಳುಹಿಸುತ್ತಿದ್ದುದು ವಕೀಲರನ್ನಲ್ಲ.

ನನ್ನ ಬದುಕಿನಲ್ಲೂ ಬಾಗಿಲುಗಳು ಹಲವು. ಕಾಫಿ ಮಂಡಳಿ ಕೇಂದ್ರದ್ದು, ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿ ಜಮೀನಿನ ಪಹಣಿ ರಾಜ್ಯದ್ದು, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಮತ್ತೆ ಕೇಂದ್ರದ್ದು. ಒಂದು ಕಡೆ ಸೋತರೆ ಇನ್ನೊಂದು ಕಡೆ ಕದ ತಟ್ಟುತ್ತೇನೆ. ಅಲೆದಾಟ ಹೌದು, ಆದರೆ ಪೂರ್ತಿ ಸೋತೆ ಎಂದು ಅನಿಸುವುದಿಲ್ಲ.

ನನ್ನ ತಕರಾರು ಬೇರೆ. ನಮ್ಮ ಸಂತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಎಲ್ಲ ಕಿವಿಗೆ ಬೀಳುತ್ತವೆ. ತೋಟಕ್ಕೆ ಬಂದ ಅಸ್ಸಾಮಿನವರ ಮಾತು ಇತ್ತೀಚಿನದು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಕೊಡವವೂ ಇಲ್ಲ, ತುಳುವೂ ಇಲ್ಲ. ಕೊಡವ ಸಾಹಿತ್ಯ ಅಕಾಡೆಮಿಯನ್ನು ರಾಜ್ಯವೇ ಕೊಟ್ಟಿದೆ, ಅದನ್ನು ಮರೆತಿಲ್ಲ. ಆದರೂ ಹಿಂದಿ ಫಲಕ ಕಂಡರೆ ಸಿಡಿದೇಳುವ ನನ್ನ ಬೆಂಗಳೂರಿನ ಗೆಳೆಯರು, ಶಾಲೆಯಲ್ಲಿ ಕೊಡವ ತಕ್ಕ್ ಏಕಿಲ್ಲ ಎಂದು ಕೇಳಿದೊಡನೆ ಕಾಫಿ ದರ ಎಷ್ಟಾಯಿತು ಎನ್ನುತ್ತಾರೆ.